ಇಂಟರಪ್ಟ್ ಬೇಕಾ, ಪೋಲಿಂಗ್ ಸಾಕಾ? ಒಂದೇ ಬೋರ್ಡಿನಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಎಂಬೆಡೆಡ್, ಅಂದರೆ ಚಿಕ್ಕ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ, ಕಲಿಯಲು ಶುರು ಮಾಡಿದವರ ಕಿವಿಗೆ ಬೇಗನೆ ಬೀಳುವ ಮಾತು ಒಂದಿದೆ. ಹೊರಗಿನ ಸಿಗ್ನಲ್ ಗಮನಿಸುವ ಎರಡು ದಾರಿಗಳಲ್ಲಿ ಪೋಲಿಂಗ್ ಅನ್ನುವುದು ಹೊಸಬರಿಗೆ, ಇಂಟರಪ್ಟ್ ಅನ್ನುವುದು ಗೊತ್ತಿರುವವರಿಗೆ ಅಂತ. ಕೆಲಸದ ಇಂಟರ್‌ವ್ಯೂನಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಂದಷ್ಟು ಸೆನ್ಸರ್‌ಗಳಿಗೆ ಎರಡೂ ರೀತಿಯಲ್ಲಿ ಕೋಡ್ ಬರೆದು, ಒಂದೇ ಬೋರ್ಡಿನಲ್ಲಿ ಓಡಿಸಿ, ಲಾಜಿಕ್ ಅನಲೈಸರ್ (ವೈರಿನ ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಉಪಕರಣ) ಹಾಕಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಮೊದಲು ಲೆಕ್ಕ ಹಾಕಬೇಕು. ಸಿಗ್ನಲ್ ಎಷ್ಟು ಹೊತ್ತು ನಿಂತಿರುತ್ತದೆ? ನಮ್ಮ ಪ್ರೋಗ್ರಾಂ ಹೆಚ್ಚೆಂದರೆ ಎಷ್ಟು ಹೊತ್ತು ಆ ಕಡೆ ನೋಡದೆ ಇರುತ್ತದೆ? ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೋರ್ಡು ಸಾದಾ ಆರ್ಡುಯಿನೋ ಊನೋ. ಒಳಗಿರುವ ಚಿಪ್ ಎಟಿಮೆಗಾ328ಪಿ, 16 ಮೆಗಾಹರ್ಟ್ಜ್, ಅಂದರೆ ಒಂದು ಕ್ಲಾಕಿಗೆ (ಚಿಪ್‌ನ ಒಂದು ಮಿಡಿತಕ್ಕೆ) 62.5 ನ್ಯಾನೋಸೆಕೆಂಡ್. ಕೆಲಸ ಮನೆಯದೇ. ಕಾವೇರಿ ನೀರಿನ ಲೈನಿನಿಂದ ಸಂಪಿಗೆ ಎಷ್ಟು ಲೀಟರ್ ಬರುತ್ತದೆ ಅಂತ ತಿಳಿಯಬೇಕಿತ್ತು, ಜೊತೆಗೆ ಸೋಲಾರ್ ನೀರು ಎಷ್ಟು ಬಿಸಿಯಿದೆ ಅಂತಲೂ. ಅರ್ಧ ಇಂಚಿನ ಪೈಪಿಗೆ ವೈಎಫ್-ಎಸ್201 ಫ್ಲೋ ಸೆನ್ಸರ್, ಸೋಲಾರಿಗೆ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್, ತೋರಿಸಲು 16 ಅಕ್ಷರದ 2 ಸಾಲಿನ ಎಲ್‌ಸಿಡಿ, ಮೆನು ತಿರುಗಿಸಲು ಒಂದು ರೋಟರಿ ಎನ್‌ಕೋಡರ್ ಗುಂಡಿ, ಒಂದು ಪುಶ್ ಬಟನ್. ದೂರದಿಂದಲೂ ಕಾಣಲಿ ಅಂತ ಆಮೇಲೆ 60 ಎಲ್‌ಇಡಿಯ ಸ್ಟ್ರಿಪ್ ಕೂಡ ಸೇರಿತು. ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಮಾಲು.

ಹೊಸಬರಿಗಾಗಿ ಎರಡು ಸಾಲು. ಪೋಲಿಂಗ್ ಅಂದರೆ ಪ್ರೋಗ್ರಾಂ ತಾನೇ ಮತ್ತೆ ಮತ್ತೆ ಹೋಗಿ ಪಿನ್ (ಚಿಪ್‌ಗೆ ವೈರ್ ಸೇರುವ ಕಾಲು) ನೋಡುವುದು. ಇಂಟರಪ್ಟ್ ಅಂದರೆ ಪಿನ್ ಬದಲಾದ ಕೂಡಲೇ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ನಾವು ಬರೆದಿಟ್ಟ ಒಂದು ಚಿಕ್ಕ ಫಂಕ್ಷನ್ ಓಡಿಸಿ ವಾಪಸ್ ಬರುವುದು. ಆ ಫಂಕ್ಷನ್ನೇ ಐಎಸ್‌ಆರ್. ಪೋಲಿಂಗ್‌ನಲ್ಲೂ ಎರಡು ಜಾತಿ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಲೂಪ್ ಸುತ್ತಿದಾಗಲೆಲ್ಲ ಪಿನ್ ನೋಡುವುದು ಒಂದು. ಟೈಮರ್ ಇಟ್ಟುಕೊಂಡು 1 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ನೋಡುವುದು ಇನ್ನೊಂದು. ಎರಡನೆಯದಕ್ಕೂ ಒಂದು ಟೈಮರ್ ಇಂಟರಪ್ಟ್ ಬೇಕು, ನಿಜ. ಆದರೆ ಆ ಇಂಟರಪ್ಟ್ ಯಾವಾಗ ಬರುತ್ತದೆ ಅನ್ನುವುದು ನಮಗೆ ಮೊದಲೇ ಗೊತ್ತು. ಹೊರಗಿನ ಪಿನ್ ಯಾವಾಗ ಕರೆಯುತ್ತದೋ ಯಾರಿಗೆ ಗೊತ್ತು?

ಬಟನ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಇಂಟರಪ್ಟ್ ಪಾಠವೆಲ್ಲ ಬಟನ್ ಉದಾಹರಣೆಯಿಂದಲೇ ಶುರುವಾಗುತ್ತದೆ, ಮತ್ತು ನನ್ನ ಪ್ರಕಾರ ಅದಕ್ಕಿಂತ ಕೆಟ್ಟ ಉದಾಹರಣೆ ಇಲ್ಲ. ಬಟನ್ ಒತ್ತಿದಾಗ ಒಳಗಿನ ಲೋಹದ ತುಂಡು ಒಂದೇ ಸಲಕ್ಕೆ ಕೂರುವುದಿಲ್ಲ, ಪುಟಿಯುತ್ತದೆ. ಲಾಜಿಕ್ ಅನಲೈಸರ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಗೆರೆ ಒಮ್ಮೆ ಕೆಳಗಿಳಿದು, ಮೇಲೆದ್ದು, ಮತ್ತೆ ಇಳಿದು, ಕೆಲವು ಮಿಲಿಸೆಕೆಂಡ್ ಬಾಚಣಿಗೆ ಹಲ್ಲಿನ ಹಾಗೆ ಗೀಚಿ ಆಮೇಲೆ ಸುಮ್ಮನಾಗುತ್ತದೆ. ಇಂಟರಪ್ಟ್ ಆ ಒಂದೊಂದು ಹಲ್ಲಿಗೂ ಓಡಿ ಬರುತ್ತದೆ. ಒಂದು ಸಲ ಒತ್ತಿದರೆ ಮೆನು ಮೂರು ಹೆಜ್ಜೆ ಜಿಗಿಯುತ್ತದೆ. ಅದನ್ನು ತಡೆಯಲು ಐಎಸ್‌ಆರ್ ಒಳಗೆ ಸಮಯ ನೋಡಬೇಕು, ಹಿಂದಿನ ಸಲ ಯಾವಾಗ ಬಂತು ಅಂತ ನೆನಪಿಡಬೇಕು, ಬಿಡುವಾಗ ಬರುವ ಪುಟಿತಕ್ಕೂ ಬೇರೆ ಲೆಕ್ಕ ಇಡಬೇಕು.

ಟೈಮರ್ ಪೋಲಿಂಗ್‌ನಲ್ಲಿ ಇದೇ ಕೆಲಸ ಎಷ್ಟು ಸುಲಭ ನೋಡಿ. 5 ಮಿಲಿಸೆಕೆಂಡಿಗೊಮ್ಮೆ ಪಿನ್ ಓದಿ, 8 ಬಿಟ್‌ನ ಒಂದು ವೇರಿಯಬಲ್ಲನ್ನು ಎಡಕ್ಕೆ ಸರಿಸಿ, ಓದಿದ್ದನ್ನು ಕೊನೆಗೆ ಸೇರಿಸಿ. 8 ಬಿಟ್ಟೂ ಒಂದೇ ಆದರೆ ಬಟನ್ 40 ಮಿಲಿಸೆಕೆಂಡ್ ಅಲುಗಾಡದೆ ಇದೆ ಅಂತ ಅರ್ಥ. ಅಷ್ಟೇ. ಮನುಷ್ಯನ ಬೆರಳು ಅದಕ್ಕಿಂತ ಜಾಸ್ತಿ ಹೊತ್ತು ಬಟನ್ ಮೇಲಿರುತ್ತದೆ, 40 ಮಿಲಿಸೆಕೆಂಡ್ ತಡ ಆಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಟನ್‌ಗೆ ಪೋಲಿಂಗ್, ಇದರಲ್ಲಿ ನನಗೆ ಎರಡನೇ ಮಾತಿಲ್ಲ. (ಬ್ಯಾಟರಿ ಮೇಲೆ ಮಲಗಿರುವ ಸಾಧನವನ್ನು ಎಬ್ಬಿಸುವ ಬಟನ್ ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.)

ಫ್ಲೋ ಸೆನ್ಸರ್‌ಗೆ ಬಂದರೆ ಲೆಕ್ಕ ಬದಲಾಗುತ್ತದೆ. ವೈಎಫ್-ಎಸ್201 ಒಳಗೆ ಒಂದು ಪುಟ್ಟ ಚಕ್ರ, ಅದರಲ್ಲಿ ಆಯಸ್ಕಾಂತ, ಹೊರಗೆ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್. ನೀರು ಹರಿದಂತೆ ಚಕ್ರ ತಿರುಗಿ ಪಲ್ಸ್ ಕೊಡುತ್ತದೆ. ತಯಾರಕರ ಲೆಕ್ಕದಲ್ಲಿ ಲೀಟರಿಗೆ ಸುಮಾರು 450 ಪಲ್ಸ್. ಅಂದರೆ ನಿಮಿಷಕ್ಕೆ 12 ಲೀಟರ್ ಬಂದರೆ ಸೆಕೆಂಡಿಗೆ 90 ಪಲ್ಸ್. ಸೆನ್ಸರಿನ ಮಿತಿ ನಿಮಿಷಕ್ಕೆ 30 ಲೀಟರ್, ಆಗ ಸೆಕೆಂಡಿಗೆ 225, ಒಂದು ಪಲ್ಸಿನಿಂದ ಇನ್ನೊಂದಕ್ಕೆ 4.4 ಮಿಲಿಸೆಕೆಂಡ್. ಪ್ರೊಸೆಸರಿನ ಕಣ್ಣಲ್ಲಿ ಇದು ಆಮೆಯ ವೇಗ. ಆ 4.4 ಮಿಲಿಸೆಕೆಂಡಿನಲ್ಲಿ 70,000 ಕ್ಲಾಕ್ ಕಳೆದುಹೋಗುತ್ತವೆ.

ಆದರೂ ಲೂಪ್ ಒಳಗಿನ ಪೋಲಿಂಗ್ ಇಲ್ಲಿ ಸೋಲುತ್ತದೆ, ಮತ್ತು ಸೋಲಿಸುವುದು ಫ್ಲೋ ಸೆನ್ಸರ್ ಅಲ್ಲ, ಪಕ್ಕದಲ್ಲಿರುವ ಡಿಎಸ್18ಬಿ20. ಅದು 12 ಬಿಟ್‌ನಲ್ಲಿ ಒಮ್ಮೆ ಬಿಸಿ ಅಳೆಯಲು 750 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಬಳಸುವ ಲೈಬ್ರರಿ, ನಾವು ಬೇಡ ಅಂತ ಹೇಳದಿದ್ದರೆ, ಅಷ್ಟು ಹೊತ್ತೂ ಕಾದು ನಿಲ್ಲುತ್ತದೆ. ನಿಮಿಷಕ್ಕೆ 12 ಲೀಟರ್ ಹರಿಯುತ್ತಿದ್ದರೆ ಆ ಹೊತ್ತಿನಲ್ಲಿ 67 ಪಲ್ಸ್ ಹೋಗಿಬಿಡುತ್ತವೆ, ಅಂದರೆ 150 ಮಿಲಿಲೀಟರ್ ನೀರು ಲೆಕ್ಕಕ್ಕೇ ಸಿಗದೆ ಸಂಪಿಗೆ ಬೀಳುತ್ತದೆ. ಪ್ರತಿ ಸಲ ಬಿಸಿ ಅಳೆದಾಗಲೂ ಒಂದು ದೊಡ್ಡ ಲೋಟ ನೀರು ಕಾಣೆ. ಎಲ್‌ಸಿಡಿಯೂ ಕಡಿಮೆ ಏನಿಲ್ಲ, ಐ2ಸಿ ಅನ್ನುವ ಎರಡು ವೈರಿನ ಸಂಪರ್ಕದ ಮೂಲಕ 32 ಅಕ್ಷರ ಬರೆಯಲು ಹತ್ತಾರು ಮಿಲಿಸೆಕೆಂಡ್ ನುಂಗುತ್ತದೆ.

ಅದೇ ಸೆನ್ಸರನ್ನು 2ನೇ ಪಿನ್‌ಗೆ ಹಾಕಿ ಇಂಟರಪ್ಟ್ ಕೊಟ್ಟರೆ ಲೆಕ್ಕ ಪಕ್ಕಾ. ಈ ಚಿಪ್ ಕೈಪಿಡಿಯ ಪ್ರಕಾರ ಇಂಟರಪ್ಟ್‌ಗೆ ಕನಿಷ್ಠ 4 ಕ್ಲಾಕ್‌ನಲ್ಲಿ ಸ್ಪಂದಿಸುತ್ತದೆ, ಅಂದರೆ 0.25 ಮೈಕ್ರೋಸೆಕೆಂಡ್. ಆರ್ಡುಯಿನೋದ ಅಟಾಚ್‌ಇಂಟರಪ್ಟ್ ಫಂಕ್ಷನ್ ಮೂಲಕ ಹೋದರೆ ರಿಜಿಸ್ಟರ್‌ಗಳನ್ನೆಲ್ಲ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ ಜಾಗಗಳು) ಎತ್ತಿಡುವ ಕೆಲಸ ಸೇರಿ ನಮ್ಮ ಕೋಡಿನ ಮೊದಲ ಸಾಲು ತಲುಪಲು ಸುಮಾರು 3 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಹಾಗಾದರೂ 4.4 ಮಿಲಿಸೆಕೆಂಡಿನ ಮುಂದೆ ಅದು ಏನೂ ಅಲ್ಲ. ಡಿಎಸ್18ಬಿ20 ಕಾದು ನಿಂತಿರಲಿ, ಎಲ್‌ಸಿಡಿ ಬರೆಯುತ್ತಿರಲಿ, ಎಣಿಕೆ ನಡೆಯುತ್ತಲೇ ಇರುತ್ತದೆ. 20 ಲೀಟರ್ ನೀರಿನ ಕ್ಯಾನ್ ತುಂಬಿಸಿ ತಾಳೆ ನೋಡಿಕೊಳ್ಳಿ, 450 ಅನ್ನುವುದು ಸೆನ್ಸರಿನಿಂದ ಸೆನ್ಸರಿಗೆ ಬದಲಾಗುತ್ತದೆ.

ಹಾಗಾದರೆ ಇಲ್ಲಿ ಇಂಟರಪ್ಟ್ ಗೆದ್ದಿತಾ? ಲೂಪ್ ಪೋಲಿಂಗ್ ಎದುರು ಗೆದ್ದಿತು. 1 ಮಿಲಿಸೆಕೆಂಡಿನ ಟೈಮರ್ ಪೋಲಿಂಗ್ ಎದುರು ಇಬ್ಬರೂ ಸಮ. ಪಲ್ಸ್ ಅತಿ ವೇಗದಲ್ಲೂ ಸುಮಾರು 2.2 ಮಿಲಿಸೆಕೆಂಡ್ ಮೇಲಿರುತ್ತದೆ, 2.2 ಕೆಳಗಿರುತ್ತದೆ. 1 ಮಿಲಿಸೆಕೆಂಡಿಗೊಮ್ಮೆ ನೋಡಿದರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಟೈಮರ್2ಕ್ಕೆ ಕ್ಲಾಕನ್ನು ಭಾಗಿಸುವ ಪ್ರಿಸ್ಕೇಲರ್ 64, ಹೋಲಿಕೆ ರಿಜಿಸ್ಟರಿನಲ್ಲಿ 249 ಹಾಕಿದರೆ ಸರಿಯಾಗಿ 1 ಮಿಲಿಸೆಕೆಂಡ್ ಬರುತ್ತದೆ. ಒಂದೊಂದು ಸಲಕ್ಕೆ 5 ಮೈಕ್ರೋಸೆಕೆಂಡ್ ಕೆಲಸ ಅಂತಿಟ್ಟುಕೊಂಡರೆ ಪ್ರೊಸೆಸರಿನ ಅರ್ಧ ಪರ್ಸೆಂಟ್ ಸಮಯ ಹೋಗುತ್ತದೆ. ನೀರು ಬರಲಿ ಬಿಡಲಿ ಆ ಅರ್ಧ ಪರ್ಸೆಂಟ್ ಖರ್ಚು ಇದ್ದದ್ದೇ. ಇಂಟರಪ್ಟ್‌ಗೆ ನೀರು ಬಂದಾಗ ಮಾತ್ರ ಖರ್ಚು.

ಇಂಟರಪ್ಟ್ ಪರ ಮಾತಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ, ಯಾಕೆಂದರೆ ಸಂಪಿನ ಪಕ್ಕದಲ್ಲೇ ಮೋಟರ್ ಇದೆ. ಮೋಟರ್ ಸ್ಟಾರ್ಟರ್ ಬಿದ್ದಾಗ, ಬಿಟ್ಟಾಗ, ಉದ್ದದ ಸೆನ್ಸರ್ ವೈರಿನಲ್ಲಿ ಚೂಪಾದ ಸ್ಪೈಕ್ ಬರುತ್ತದೆ. ಮೈಕ್ರೋಸೆಕೆಂಡಿಗಿಂತ ಚಿಕ್ಕದಾದರೂ ಇಂಟರಪ್ಟ್ ಅದನ್ನು ಹಿಡಿದು ಎಣಿಸಿಬಿಡುತ್ತದೆ. ಮೋಟರ್ ಆನ್ ಮಾಡಿದರೆ ಸಾಕು, ಬರದ ನೀರು ಮೀಟರಿನಲ್ಲಿ ಏರುತ್ತದೆ. ಟೈಮರ್ ಪೋಲಿಂಗ್ ಅದೇ ಸ್ಪೈಕನ್ನು ಹೆಚ್ಚುಕಡಿಮೆ ಯಾವಾಗಲೂ ಕಾಣುವುದೇ ಇಲ್ಲ, ಏಕೆಂದರೆ ಅದು ನೋಡುವ ಕ್ಷಣಕ್ಕೆ ಸರಿಯಾಗಿ ಸ್ಪೈಕ್ ಬರಬೇಕು. ಎರಡು ಸಲ ಒಂದೇ ಓದು ಬಂದರೆ ಮಾತ್ರ ನಂಬು ಅಂತ ಒಂದು ಸಾಲು ಸೇರಿಸಿದರೆ ಅದೂ ಹೋಯ್ತು. ಇಂಟರಪ್ಟ್ ಇಟ್ಟುಕೊಳ್ಳುತ್ತೇನೆ ಅನ್ನುವವರು 10 ಕಿಲೋ ಓಮ್ ಪುಲ್‌ಅಪ್ (ಪಿನ್ನನ್ನು ಮೇಲಕ್ಕೆ ಎಳೆದಿಡುವ ರೆಸಿಸ್ಟರ್) ಜೊತೆ ಪಿನ್ ಹತ್ತಿರ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಟೈಮ್ ಕಾನ್‌ಸ್ಟಂಟ್ 100 ಮೈಕ್ರೋಸೆಕೆಂಡ್, ಸ್ಪೈಕ್ ಕರಗುತ್ತದೆ, ನಿಜವಾದ ಪಲ್ಸ್ ಉಳಿಯುತ್ತದೆ.

ನನಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಇಲ್ಲೇ ಇದೆ. ಪೋಲಿಂಗ್‌ನ ಖರ್ಚನ್ನು ನಾವು ನಿರ್ಧರಿಸುತ್ತೇವೆ, ಇಂಟರಪ್ಟ್‌ನ ಖರ್ಚನ್ನು ಹೊರಗಿನ ಲೋಕ ನಿರ್ಧರಿಸುತ್ತದೆ. ವೈರ್ ಕಿತ್ತುಹೋಗಿ ಪಿನ್ ಗಾಳಿಯಲ್ಲಿ ನೇತಾಡುತ್ತಿದ್ದರೆ ಇಂಟರಪ್ಟ್ ಮೇಲೆ ಇಂಟರಪ್ಟ್ ಬಂದು ಮುಖ್ಯ ಪ್ರೋಗ್ರಾಂಗೆ ಉಸಿರಾಡಲೂ ಬಿಡದೆ ಇರಬಹುದು. ಇದು ಚಿಕ್ಕ ಚಿಪ್‌ಗಳ ಸಮಸ್ಯೆ ಮಾತ್ರ ಅಲ್ಲ. 1 ಗಿಗಾಬಿಟ್ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳೇ ಬಂದರೆ ಸೆಕೆಂಡಿಗೆ ಸುಮಾರು 14.88 ಲಕ್ಷ ಪ್ಯಾಕೆಟ್. ಒಂದೊಂದಕ್ಕೂ ಇಂಟರಪ್ಟ್ ಕೊಟ್ಟರೆ ಕಂಪ್ಯೂಟರ್ ಪ್ಯಾಕೆಟ್ ತೆಗೆದುಕೊಳ್ಳುವುದರಲ್ಲೇ ಮುಳುಗಿ, ತೆಗೆದುಕೊಂಡಿದ್ದನ್ನು ಬಳಸಲು ಸಮಯವೇ ಇರುವುದಿಲ್ಲ. ಕಂಪ್ಯೂಟರ್ ಸಂಶೋಧಕರಾದ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಲಿನಕ್ಸ್ ನೆಟ್‌ವರ್ಕ್ ಡ್ರೈವರ್‌ಗಳು ಬಳಸುವ ನ್ಯಾಪಿ ಅನ್ನುವ ವ್ಯವಸ್ಥೆ ಹೀಗೆ ಕೆಲಸ ಮಾಡುತ್ತದೆ: ಮೊದಲ ಪ್ಯಾಕೆಟ್ ಇಂಟರಪ್ಟ್ ಮಾಡಿ ಎಬ್ಬಿಸುತ್ತದೆ, ಆಮೇಲೆ ಇಂಟರಪ್ಟ್ ಮುಚ್ಚಿ, ಸಾಲು ಖಾಲಿಯಾಗುವವರೆಗೆ ಪೋಲಿಂಗ್. ಎರಡನ್ನೂ ಸೇರಿಸಿದ ಈ ಉಪಾಯ ನನಗೆ ತುಂಬ ಇಷ್ಟ.

ಇಂಟರಪ್ಟ್‌ನ ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಇದನ್ನು ಹತ್ತಿರದಿಂದ ನೋಡೋಣ. ಎಟಿಮೆಗಾ 8 ಬಿಟ್ ಚಿಪ್. ಪಲ್ಸ್ ಎಣಿಕೆ 16 ಬಿಟ್‌ನ ವೇರಿಯಬಲ್‌ನಲ್ಲಿದ್ದರೆ ಅದನ್ನು ಓದಲು ಎರಡು ಸಲ ಕೈ ಹಾಕಬೇಕು, ಮೊದಲು ಕೆಳಗಿನ ಬೈಟ್, ಆಮೇಲೆ ಮೇಲಿನ ಬೈಟ್. ಎಣಿಕೆ 255ರಲ್ಲಿದೆ ಅಂದುಕೊಳ್ಳಿ. ಕೆಳಗಿನ ಬೈಟ್ 255, ಮೇಲಿನದು 0. ಪ್ರೋಗ್ರಾಂ ಕೆಳಗಿನ 255 ಓದಿತು. ಸರಿಯಾಗಿ ಅದೇ ಕ್ಷಣಕ್ಕೆ ಪಲ್ಸ್ ಬಂದು ಐಎಸ್‌ಆರ್ ಎಣಿಕೆಯನ್ನು 256 ಮಾಡಿತು. ಈಗ ಕೆಳಗಿನದು 0, ಮೇಲಿನದು 1. ವಾಪಸ್ ಬಂದ ಪ್ರೋಗ್ರಾಂ ಮೇಲಿನ 1 ಓದಿತು. ಕೈಗೆ ಸಿಕ್ಕಿದ್ದು 511. ಎಣಿಕೆ ಯಾವತ್ತೂ 511 ಆಗಿರಲೇ ಇಲ್ಲ! ಅರ್ಧ ಲೀಟರಿಗೂ ಜಾಸ್ತಿ ನೀರು ಒಂದು ಕ್ಷಣಕ್ಕೆ ಹುಟ್ಟಿ ಮಾಯವಾಗುತ್ತದೆ. ವೇರಿಯಬಲ್‌ಗೆ ವೋಲಟೈಲ್ ಅಂತ ಬರೆದರೂ ಇದು ನಿಲ್ಲುವುದಿಲ್ಲ. ವೋಲಟೈಲ್ ಕಂಪೈಲರಿಗೆ "ಪ್ರತಿ ಸಲ ಮೆಮೊರಿಯಿಂದಲೇ ಓದು" ಅನ್ನುತ್ತದೆ, ಮಧ್ಯೆ ಯಾರೂ ಬರದ ಹಾಗೆ ಬಾಗಿಲು ಹಾಕುವುದಿಲ್ಲ. ಓದುವ ಹೊತ್ತಿಗೆ ಇಂಟರಪ್ಟ್ ಮುಚ್ಚಿ, ಕಾಪಿ ಮಾಡಿಕೊಂಡು, ತೆರೆಯಬೇಕು. ಇದು ಸಾವಿರಾರು ಸಲಕ್ಕೆ ಒಮ್ಮೆ ಆಗುವ ದೋಷ, ಟೇಬಲ್ ಮೇಲೆ ಟೆಸ್ಟ್ ಮಾಡುವಾಗ ಸಿಗುವುದೇ ಇಲ್ಲ. ಲೂಪ್ ಪೋಲಿಂಗ್‌ನಲ್ಲಿ ಈ ಜಾತಿಯ ದೋಷವೇ ಇಲ್ಲ. ಟೈಮರ್ ಪೋಲಿಂಗ್‌ನಲ್ಲಿ ಇದೆ, ಅಲ್ಲೂ ಇದೇ ಎಚ್ಚರ ಬೇಕು.

ಇನ್ನು, ಇಂಟರಪ್ಟ್ ಕೊಟ್ಟರೆ ಯಾವ ಪಲ್ಸೂ ತಪ್ಪುವುದಿಲ್ಲ ಅನ್ನುವ ನಂಬಿಕೆ. ತಪ್ಪುತ್ತದೆ. ಚಿಪ್‌ನಲ್ಲಿ ಒಂದು ಇಂಟರಪ್ಟ್‌ಗೆ, ಬಂದಿದೆ ಅಂತ ಗುರುತಿಡಲು, ಒಂದೇ ಫ್ಲ್ಯಾಗ್ ಬಿಟ್ ಇರುತ್ತದೆ. ಇಂಟರಪ್ಟ್ ಮುಚ್ಚಿದ್ದಾಗ ಒಂದು ಪಲ್ಸ್ ಬಂದರೂ ಆ ಬಿಟ್ 1, ಐದು ಬಂದರೂ 1. ಮಿಕ್ಸಿ ಓಡುತ್ತಿರುವಾಗ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ಹೇಳಲು ಆಗುತ್ತದಾ? ಹಾಗೆ. ಮತ್ತು ಇಂಟರಪ್ಟ್ ಮುಚ್ಚುವವರು ನಾವೇ ಆಗಬೇಕಿಲ್ಲ, ನಾವು ಸುಮ್ನೆ ಸೇರಿಸಿದ ಲೈಬ್ರರಿ ಆಗಿರಬಹುದು. ಡಬ್ಲ್ಯುಎಸ್2812 ಎಲ್‌ಇಡಿ ಸ್ಟ್ರಿಪ್ ಒಂದು ಬಿಟ್‌ಗೆ 1.25 ಮೈಕ್ರೋಸೆಕೆಂಡ್, ಒಂದು ಎಲ್‌ಇಡಿಗೆ 24 ಬಿಟ್, ಅಂದರೆ 30 ಮೈಕ್ರೋಸೆಕೆಂಡ್. ಸಮಯ ಸ್ವಲ್ಪ ಜಾರಿದರೂ ಬಣ್ಣ ಕೆಡುತ್ತದೆ, ಅದಕ್ಕೆ ಊನೋದಲ್ಲಿ ಅದರ ಲೈಬ್ರರಿ ಇಂಟರಪ್ಟ್ ಮುಚ್ಚಿಕೊಂಡೇ ಕಳಿಸುತ್ತದೆ. 60 ಎಲ್‌ಇಡಿಗೆ 1.8 ಮಿಲಿಸೆಕೆಂಡ್. ಫ್ಲೋ ಸೆನ್ಸರ್‌ಗೆ ಇದರಿಂದ ಏನೂ ಆಗುವುದಿಲ್ಲ, ಅದರ ಪಲ್ಸ್ ನಿಧಾನ. ಅದೇ ಹೊತ್ತಿಗೆ ಇನ್ನೊಂದು ಬೋರ್ಡಿನಿಂದ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಸೀರಿಯಲ್ ಡೇಟಾ ಬರುತ್ತಿದ್ದರೆ ಮಾತ್ರ ಕಥೆ ಬೇರೆ. ಒಂದು ಬೈಟ್‌ಗೆ ಸುಮಾರು 87 ಮೈಕ್ರೋಸೆಕೆಂಡ್, 1.8 ಮಿಲಿಸೆಕೆಂಡಿನಲ್ಲಿ 20 ಬೈಟ್ ಬರುತ್ತವೆ. ಹಾರ್ಡ್‌ವೇರ್ ಒಳಗೆ ಎರಡು ಮೂರು ಬೈಟ್‌ಗೆ ಮಾತ್ರ ಜಾಗ. ಉಳಿದದ್ದು ಹೋಯ್ತು. 9600ಕ್ಕೆ ಇಳಿಸಿದರೆ ಒಂದು ಬೈಟ್ 1 ಮಿಲಿಸೆಕೆಂಡಿಗೂ ಜಾಸ್ತಿ, ಆಗ ಎಲ್ಲವೂ ಸರಿಯಾಗಿ ಬರುತ್ತದೆ. ವೇಗ ಹೇಳುವ ಸಾಲು ಬಿಟ್ಟರೆ ಕೋಡಿನಲ್ಲಿ ಏನೂ ಬದಲಾಗಿಲ್ಲ ನೋಡಿ.

ಐಎಸ್‌ಆರ್ ಒಳಗೇ ಎಲ್ಲ ಕೆಲಸ ಮುಗಿಸುವ ಆಸೆಯನ್ನೂ ಬಿಡಬೇಕು. ಅಲ್ಲಿಂದಲೇ ಎಲ್‌ಸಿಡಿಗೆ ಬರೆಯಲು ಹೋದರೆ ಬೋರ್ಡ್ ನಿಂತೇ ಹೋಗುತ್ತದೆ, ಏಕೆಂದರೆ ಆರ್ಡುಯಿನೋದ ಐ2ಸಿ ಲೈಬ್ರರಿಗೂ ಇಂಟರಪ್ಟ್ ಬೇಕು, ಐಎಸ್‌ಆರ್ ಒಳಗೆ ಅದು ಮುಚ್ಚಿರುತ್ತದೆ. ಎಣಿಸು, ಫ್ಲ್ಯಾಗ್ ಎತ್ತು, ಹೊರಗೆ ಬಾ. ಉಳಿದದ್ದನ್ನು ಲೂಪ್ ನೋಡಿಕೊಳ್ಳಲಿ. ಇಲ್ಲೊಂದು ವಿಷಯ ಗಮನಿಸಿ: ಆ ಫ್ಲ್ಯಾಗನ್ನು ಲೂಪ್ ಮತ್ತೆ ಮತ್ತೆ ನೋಡುವುದೂ ಪೋಲಿಂಗೇ ಅಲ್ವಾ?

ಪೋಲಿಂಗ್ ಅಂದರೆ ಕೀಳು ಅನ್ನುವವರು ಒಮ್ಮೆ ಪೀಣ್ಯದ ಯಾವುದಾದರೂ ಫ್ಯಾಕ್ಟರಿಯ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಪ್ಯಾನೆಲ್ ಮುಂದೆ ನಿಂತು ನೋಡಲಿ. ಪಿಎಲ್‌ಸಿ ಮಾಡುವುದು ಇದನ್ನೇ. ಎಲ್ಲ ಇನ್‌ಪುಟ್ ಓದು, ಲ್ಯಾಡರ್ ಅನ್ನುವ ಪ್ರೋಗ್ರಾಂ ಓಡಿಸು, ಎಲ್ಲ ಔಟ್‌ಪುಟ್ ಬರೆ, ಮತ್ತೆ ಮೊದಲಿಂದ. ಅದಕ್ಕೆ ಸ್ಕ್ಯಾನ್ ಸೈಕಲ್ ಅಂತ ಹೆಸರು. ಪ್ರೆಸ್ಸು, ಕನ್ವೇಯರ್, ಪ್ಯಾಕಿಂಗ್ ಮಷೀನ್ ಎಲ್ಲ ಇದರ ಮೇಲೆ ವರ್ಷಗಟ್ಟಲೆ ಓಡುತ್ತವೆ. ಯಾಕೆಂದರೆ ಅತಿ ಕೆಟ್ಟ ಸಂದರ್ಭದಲ್ಲೂ ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಬಹುದು. ಸ್ಕ್ಯಾನ್‌ಗಿಂತ ವೇಗದ ಪಲ್ಸ್ ಬಂದರೆ ಅದಕ್ಕೆ ಬೇರೆಯೇ ಹೈಸ್ಪೀಡ್ ಕೌಂಟರ್ ಇನ್‌ಪುಟ್ ಇರುತ್ತದೆ.

ರೋಟರಿ ಎನ್‌ಕೋಡರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೈಯಲ್ಲಿ ತಿರುಗಿಸುವ ಗುಂಡಿಯಾದರೆ ಒಂದು ಸುತ್ತಿಗೆ 20 ಕ್ಲಿಕ್, ಕ್ಲಿಕ್ಕಿಗೆ 4 ಬದಲಾವಣೆ. ಸೆಕೆಂಡಿಗೆ ಮೂರು ಸುತ್ತು ತಿರುಗಿಸಿದರೂ 240 ಬದಲಾವಣೆ, 1 ಮಿಲಿಸೆಕೆಂಡ್ ಟೈಮರ್ ಪೋಲಿಂಗ್ ಮತ್ತು ಹಿಂದಿನ, ಈಗಿನ ಸ್ಥಿತಿ ಹೋಲಿಸುವ 16 ಮನೆಯ ಒಂದು ಕೋಷ್ಟಕ ಸಾಕು. ಪುಟಿತದಿಂದ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಣಿಕೆಯಾಗಿ ತಾನೇ ರದ್ದಾಗುತ್ತದೆ. ಮೋಟರ್ ಹಿಂದಿನ ಎನ್‌ಕೋಡರ್ ಆದರೆ ಪೋಲಿಂಗ್ ಬೇಡ. ನಿಮಿಷಕ್ಕೆ 15,000 ಸುತ್ತು, ಸುತ್ತಿಗೆ 11 ಪಲ್ಸ್, ಪಲ್ಸಿಗೆ 4 ಬದಲಾವಣೆ ಅಂದರೆ ಸೆಕೆಂಡಿಗೆ 11,000 ಬದಲಾವಣೆ. ಎರಡು ಮೋಟರ್‌ಗೆ 22,000. ಒಂದು ಐಎಸ್‌ಆರ್‌ಗೆ 10 ಮೈಕ್ರೋಸೆಕೆಂಡ್ ಹಿಡಿದರೂ ಪ್ರೊಸೆಸರಿನ 22 ಪರ್ಸೆಂಟ್ ಸಮಯ ಅಲ್ಲೇ ಹೋಯ್ತು. ಎಸ್‌ಟಿಎಂ32ಎಫ್103 ತರಹದ ಚಿಪ್‌ನಲ್ಲಿ ಟೈಮರ್‌ಗೇ ಎನ್‌ಕೋಡರ್ ಮೋಡ್ ಇದೆ, ಎಣಿಕೆಗೆ ಪ್ರೊಸೆಸರ್ ಬೇಕೇ ಇಲ್ಲ. ಆ ಚಿಪ್ ಒಳಗಿನ ಕಾರ್ಟೆಕ್ಸ್-ಎಂ3 ಪ್ರೊಸೆಸರಿನಲ್ಲಿ ಇಂಟರಪ್ಟ್ ಕೂಡ ಚೆನ್ನಾಗಿದೆ. 12 ಕ್ಲಾಕ್‌ನಲ್ಲಿ 8 ರಿಜಿಸ್ಟರ್‌ಗಳನ್ನು ಹಾರ್ಡ್‌ವೇರೇ ಎತ್ತಿಟ್ಟು ಐಎಸ್‌ಆರ್ ಒಳಗೆ ಬಿಡುತ್ತದೆ. ಯಾವ ಇಂಟರಪ್ಟ್ ದೊಡ್ಡದು, ಯಾವುದು ಚಿಕ್ಕದು ಅಂತ 16 ಹಂತಗಳಲ್ಲಿ ನಾವೇ ಹೇಳಬಹುದು. ಊನೋದಲ್ಲಿ ಆ ಕ್ರಮ ಚಿಪ್‌ನಲ್ಲೇ ಕೊರೆದಿಟ್ಟದ್ದು, ಬದಲಾಯಿಸಲು ಆಗುವುದಿಲ್ಲ.

ಬ್ಯಾಟರಿ ವಿಷಯಕ್ಕೆ ಬಂದರೆ ವಾದವೇ ಇಲ್ಲ, ಇಂಟರಪ್ಟ್. ಎಟಿಮೆಗಾ328ಪಿ 5 ವೋಲ್ಟ್, 16 ಮೆಗಾಹರ್ಟ್ಜ್‌ನಲ್ಲಿ ಎಚ್ಚರವಾಗಿದ್ದರೆ ಚಿಪ್ ಒಂದಕ್ಕೇ ಸುಮಾರು 10 ಮಿಲಿಆಂಪಿಯರ್ ಬೇಕು. 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ 200 ಗಂಟೆಗೆ, ಎಂಟು ದಿನಕ್ಕೆ ಖಾಲಿ. ಅದೇ ಚಿಪ್ ಪವರ್-ಡೌನ್‌ನಲ್ಲಿ ಮಲಗಿದ್ದರೆ ಮೈಕ್ರೋಆಂಪಿಯರ್‌ಗಳ ಮಾತು. ಬಾಗಿಲಿಗೆ ಹಾಕಿದ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಬದಲಾಗುವ ಸ್ವಿಚ್) ದಿನಕ್ಕೆ ಹತ್ತಿಪ್ಪತ್ತು ಸಲ ಬದಲಾಗುತ್ತದೆ, ಅದಕ್ಕಾಗಿ ಸೆಕೆಂಡಿಗೆ ಸಾವಿರ ಸಲ ಎದ್ದು ನೋಡುವುದರಲ್ಲಿ ಅರ್ಥವಿಲ್ಲ. ಪಿನ್ ಚೇಂಜ್ ಇಂಟರಪ್ಟ್ ಇಟ್ಟು ಮಲಗಿಸಿ. ಎಬ್ಬಿಸಲು ಇಂಟರಪ್ಟ್, ಎದ್ದ ಮೇಲೆ ಪುಟಿತ ಸೋಸಲು ಪೋಲಿಂಗ್, ಆಮೇಲೆ ಮತ್ತೆ ನಿದ್ದೆ. ಊನೋ ಬೋರ್ಡಿನಲ್ಲೇ ಇದನ್ನು ಅಳೆಯಲು ಹೋಗಬೇಡಿ, ಅದರ ಯುಎಸ್‌ಬಿ ಚಿಪ್ಪು, ರೆಗ್ಯುಲೇಟರ್ ಸುಮ್ನೆ ಕರೆಂಟ್ ಕುಡಿಯುತ್ತಿರುತ್ತವೆ. ಚಿಪ್ಪನ್ನು ಬೇರೆ ತೆಗೆದು ಅಳೆಯಿರಿ.

ಈಗ ಸಂಪಿನ ಬೋರ್ಡಿನಲ್ಲಿ ಏನಿದೆ ಅಂದರೆ, ಬಟನ್ ಮತ್ತು ಗುಂಡಿಗೆ ಟೈಮರ್ ಪೋಲಿಂಗ್. ಫ್ಲೋ ಸೆನ್ಸರ್‌ಗೆ ಎರಡೂ ಇಲ್ಲ. ಅದನ್ನು 2ನೇ ಪಿನ್‌ನಿಂದ ಕಿತ್ತು 5ನೇ ಪಿನ್‌ಗೆ ಹಾಕಿದ್ದೇನೆ. ಅದು ಟೈಮರ್1ರ ಹೊರಗಿನ ಕ್ಲಾಕ್ ಪಿನ್. ರಿಜಿಸ್ಟರಿನಲ್ಲಿ ಮೂರು ಬಿಟ್ ಹಾಕಿದರೆ ಒಂದೊಂದು ಪಲ್ಸಿಗೂ ಟೈಮರ್ ತಾನೇ ಒಂದು ಮುಂದೆ ಹೋಗುತ್ತದೆ. ಡಿಎಸ್18ಬಿ20 ಕಾಯಲಿ, ಎಲ್‌ಇಡಿ ಲೈಬ್ರರಿ ಇಂಟರಪ್ಟ್ ಮುಚ್ಚಲಿ, ಎಣಿಕೆಗೆ ಏನೂ ಆಗುವುದಿಲ್ಲ. ಕೆಳಗಿನ ಬೈಟ್ ಓದಿದ ಕೂಡಲೇ ಮೇಲಿನ ಬೈಟನ್ನು ಚಿಪ್ಪೇ ಪಕ್ಕಕ್ಕೆ ತೆಗೆದಿಡುತ್ತದೆ, ಹಾಗಾಗಿ 511ರ ಕಾಟವೂ ಇಲ್ಲ. ಸ್ಪೈಕ್ ಮಾತ್ರ ಇದಕ್ಕೂ ಪಲ್ಸೇ, ಕೆಪಾಸಿಟರ್ ಬೇಕೇ ಬೇಕು. ಸರ್ವೋ ಲೈಬ್ರರಿ ಮತ್ತು 9, 10ನೇ ಪಿನ್‌ನ ಪಿಡಬ್ಲ್ಯುಎಂ (ಪಲ್ಸಿನ ಅಗಲ ಬದಲಿಸುವ ಔಟ್‌ಪುಟ್) ಕೈಬಿಡಬೇಕಾಗುತ್ತದೆ, ಅವಕ್ಕೂ ಟೈಮರ್1 ಬೇಕು. 16 ಬಿಟ್ ಎಣಿಕೆ 65,536 ಪಲ್ಸಿಗೆ, ಸುಮಾರು 145 ಲೀಟರಿಗೆ ಮತ್ತೆ ಸೊನ್ನೆಯಾಗುತ್ತದೆ. ಸೆಕೆಂಡಿಗೊಮ್ಮೆ ಓದಿ, ಹೊಸದರಿಂದ ಹಳೆಯದನ್ನು 16 ಬಿಟ್ ಅನ್‌ಸೈನ್ಡ್ (ಮೈನಸ್ ಇಲ್ಲದ ಸಂಖ್ಯೆ) ಆಗಿಯೇ ಕಳೆದರೆ ಸೊನ್ನೆ ದಾಟಿದಾಗಲೂ ಉತ್ತರ ಸರಿಯಾಗೇ ಬರುತ್ತದೆ.